ಹಿರೇಕೆರೂರಿನ ಹಿಡಿಕೆ

ಅರವತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ನಾನು ಸವಣೂರಿನ ಹೊರಗಿದ್ದ ಕರೆಂಟಿನ ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದೆ. ಆಗ ನನಗೆ ಇಪ್ಪತ್ತಮೂರು ವರ್ಷ. ತಂತಿಬೇಲಿಯೊಳಗೆ ಎರಡು ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ಒಂದು ಹೆಂಚಿನ ಕೋಣೆ, ಕೋಣೆಯೊಳಗೆ ಗೋಡೆಗೆ ಹಚ್ಚಿ ನಿಲ್ಲಿಸಿದ ನಾಲ್ಕು ಕಬ್ಬಿಣದ ಪೆಟ್ಟಿಗೆಗಳು. ಒಂದೊಂದಕ್ಕೂ ಒಂದು ಹಿಡಿಕೆ. ಹಿಡಿಕೆಯ ಮೇಲ್ಗಡೆ ಬಿಳಿ ಬಣ್ಣದಲ್ಲಿ ಊರಿನ ಹೆಸರು ಬರೆದಿತ್ತು: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಿಡಿಕೆ ಮೇಲಿದ್ದರೆ ಆ ಊರಿಗೂ ಅದರ ಸುತ್ತಲಿನ ಹಳ್ಳಿಗಳಿಗೂ ಕರೆಂಟ್ ಇದೆ ಎಂದರ್ಥ. ಕೆಳಗೆ ಎಳೆದರೆ ಇಲ್ಲ. ಹಾನಗಲ್ಲ, ಶಿಗ್ಗಾಂವಿಗಳನ್ನು ನಾನು ನೋಡಿದ್ದೆ. ಹಿರೇಕೆರೂರಿಗೆ ಒಮ್ಮೆಯೂ ಹೋಗಿರಲಿಲ್ಲ. ನನ್ನ ಪಾಲಿಗೆ ಅದು ಕೋಣೆಯ ಮೂಲೆಯಲ್ಲಿದ್ದ ನಾಲ್ಕನೆಯ ಹಿಡಿಕೆ, ಅಷ್ಟೆ.

ನಾನು ಊರೊಳಗೆ ಒಬ್ಬ ಮುಸ್ಲಿಂ ವಿಧವೆಯ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಅವರನ್ನು ಚಾಚಿ ಎನ್ನುತ್ತಿದ್ದೆ. ಗಂಡ ವೀಳ್ಯದೆಲೆಯ ವ್ಯಾಪಾರ ಮಾಡುತ್ತಿದ್ದವರು, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಸುಮ್ಮನೆ ಕೂಡುವ ಜಾಯಮಾನ ಅವರದಲ್ಲ. ಆ ವರ್ಷ ಬ್ಲಾಕ್ ಆಫೀಸಿನವರು ಹೆಂಗಸರಿಗೆ ಬಿಳಿ ಕೋಳಿಯ ಮರಿ ಕೊಡುತ್ತಾರೆಂದು ಕೇಳಿ ತಾವೇ ಹೋಗಿ ಹೆಸರು ಬರೆಸಿ ಬಂದರು. ಆ ಜಾತಿಯ ಮರಿಗಳು ಯಂತ್ರದ ಕಾವಿನಲ್ಲಿ ಮೊಟ್ಟೆಯೊಡೆದು ಬಂದವು. ಅವಕ್ಕೆ ತಾಯಿ ಇಲ್ಲ. ಮೊದಲ ಮೂರು ವಾರ ಬಲ್ಬಿನ ಕಾವಿನಲ್ಲೇ ಇಡಬೇಕು ಎಂದು ಆಫೀಸಿನವರು ಹೇಳಿ ಕಳಿಸಿದ್ದರು. ಮನೆಗೆ ಕರೆಂಟ್ ಹಾಕಿಸಿಕೊಳ್ಳಿ ಎಂದು ಬೆನ್ನು ಹತ್ತಿದವನು ನಾನೇ. ಚಹಾಪುಡಿಯ ಕಟ್ಟಿಗೆ ಪೆಟ್ಟಿಗೆಗಳನ್ನು ಬಿಚ್ಚಿ ಮರಿಗಳಿಗೆ ಗೂಡು ಮಾಡಿ, ಒಳಗೆ ಎರಡು ಬಲ್ಬು ಇಳಿಬಿಟ್ಟವನೂ ನಾನೇ. ಚಾಚಿ ಕೈ ಒಳಗಿಟ್ಟು ಕಾವು ನೋಡಿ, ಇದನ್ನು ನಂಬಬಹುದೇ ಎಂದು ಕೇಳಿದರು.

“ಕೋಳಿಯಾದ್ರ ಎದ್ದು ಹೋಗತೈತ್ರಿ ಚಾಚಿ,” ಎಂದೆ. “ಬಲ್ಬ್ ಎಲ್ಲಿ ಎದ್ದು ಹೋಗತೈತಿ?”

ಅವರು ನಕ್ಕರು. ನೂರು ಮರಿ ಬಂದವು. ಹಳದಿ ಹತ್ತಿಯ ಉಂಡೆಗಳ ಹಾಗಿದ್ದವು.

ಮರಿ ಬಂದ ವಾರದಲ್ಲೇ ಚಳಿ ಬಿದ್ದಿತು. ನಮ್ಮ ಕಡೆ ಚಳಿ ಎಂದರೆ ಮುಂಜಾನೆ ಒಂದಿಷ್ಟು ನಡುಗಿ, ಬಿಸಿಲು ಬಿದ್ದ ಕೂಡಲೇ ಮರೆಯುವಂಥದು. ಆ ವರ್ಷದ್ದು ಹಾಗಿರಲಿಲ್ಲ. ಬಾಟಲಿಯಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಮಧ್ಯಾಹ್ನವಾದರೂ ಕರಗುತ್ತಿರಲಿಲ್ಲ. ಸೈಕಲ್ಲಿನ ಹ್ಯಾಂಡಲ್ ಹಿಡಿದು ಸ್ಟೇಷನ್ ಮುಟ್ಟುವುದರೊಳಗೆ ನನ್ನ ಬೆರಳು ಮಡಚಲು ಬರುತ್ತಿರಲಿಲ್ಲ. ಎತ್ತುಗಳ ಮೈಮೇಲೆ ಗೋಣಿತಟ್ಟು ಹೊದಿಸಿ ನಿಲ್ಲಿಸುತ್ತಿದ್ದರು. ಇಂಥ ಓಣಿಯ ಮುದುಕಿ ಹೋದಳಂತೆ, ಇಂಥ ಊರಿನ ಮುದುಕ ಮುಂಜಾನೆ ಏಳಲಿಲ್ಲವಂತೆ ಎಂಬ ಸುದ್ದಿ ದಿನವೂ ಬರುತ್ತಿತ್ತು.

ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಕರೆಂಟ್ ಹುಟ್ಟುವ ಕಡೆ ಆಣೆಕಟ್ಟಿನಲ್ಲಿ ನೀರಿಲ್ಲ, ಊರುಗಳಿಗೆ ಪಾಳಿಯ ಮೇಲೆ ಕರೆಂಟ್ ತೆಗೆಯಬೇಕಾದೀತು ಎಂದು ಮೇಲಿನವರು ಮಾತಾಡಿಕೊಳ್ಳುತ್ತಿದ್ದರು. ಒಂದು ಮುಂಜಾನೆ ನಾನು ಕೆಲಸಕ್ಕೆ ಹಾಜರಾಗಿ ಕಂಬಳಿಯನ್ನೂ ತೆಗೆದಿರಲಿಲ್ಲ, ಫೋನ್ ಬಂತು. ಇಂದಿನಿಂದಲೇ ಶುರು. ಮೊದಲು ಐದಕ್ಕೆ ಸವಣೂರಿನ ಲೈನ್ ತೆಗೆಯಬೇಕು, ಏಳಕ್ಕೆ ಹಾಕಬೇಕು, ಆಮೇಲೆ ಉಳಿದ ಊರುಗಳಿಗೆ ಎರಡೆರಡು ತಾಸು. ನಾನು ಗಡಿಯಾರ ನೋಡಿ ಹಿಡಿಕೆ ಎಳೆದೆ. ಜನ ಇನ್ನೂ ಮಲಗಿದ್ದಾರೆ, ಈ ಹೊತ್ತಿನಲ್ಲಿ ದೀಪ ಯಾರಿಗೆ ಬೇಕು ಎಂದುಕೊಂಡದ್ದು ನೆನಪಿದೆ. ಮರಿಗಳ ಗೂಡು ನನ್ನ ತಲೆಗೆ ಬರಲೇ ಇಲ್ಲ. ಅದನ್ನು ಕಟ್ಟಿದವನಿಗೇ ಬರಲಿಲ್ಲ.

ಒಂದು ಗಂಟೆಗೆ ಕೆಲಸ ಮುಗಿಸಿ ಮನೆಗೆ ಬಂದಾಗ ಚಾಚಿ ಅಂಗಳದಲ್ಲಿ ಕುಳಿತಿದ್ದರು. ಮುಂದೆ ಗೋಣಿಚೀಲ ಹಾಸಿ ಅದರ ಮೇಲೆ ಸತ್ತ ಮರಿಗಳನ್ನು ಸಾಲಾಗಿ ಇಟ್ಟಿದ್ದರು. ಸಾಲಿನ ಮೇಲೆ ಸಾಲು. ಅರ್ಧದಷ್ಟಾದರೂ ಇದ್ದವು. ಮೊದಲು ನನಗೆ ಅದೇನೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ಸೈಕಲ್ ಸ್ಟ್ಯಾಂಡ್ ಹಾಕುವುದು ಮರೆತು ಕೈಬಿಟ್ಟೆ. ಅದು ದಡಾರನೆ ಬಿತ್ತು.

ಚಾಚಿ ನಮಾಜಿಗೆ ಎದ್ದಾಗ ಮನೆಯಲ್ಲಿ ದೀಪ ಇರಲಿಲ್ಲವಂತೆ. ಮರಿಗಳು ಒಂದೇ ಸಮನೆ ಕೂಗುತ್ತಿದ್ದವಂತೆ. ಹಸಿದಿರಬೇಕು ಎಂದುಕೊಂಡು ಕಂದೀಲು ಹಚ್ಚುವುದರೊಳಗೆ ಆ ಸದ್ದು ಸಣ್ಣದಾಯಿತು. ಶಿಗಡಿಗೆ ಇದ್ದಿಲು ತುಂಬಿ ಕೆಂಡ ಮಾಡಿಕೊಂಡು ಬಂದು ಮುಚ್ಚಳ ತೆಗೆದರೆ ಎಲ್ಲವೂ ಒಂದು ಮೂಲೆಯಲ್ಲಿ ಗುಡ್ಡೆಯಾಗಿದ್ದವು.

“ಮ್ಯಾಲಿನವು ಬದುಕ್ಯಾವು ತಮ್ಮಾ,” ಎಂದರು. “ಕಾವು ಸಿಗತೈತಿ ಅಂತ ಒಂದರ ಮ್ಯಾಲೊಂದು ಏರ್ಯಾವು. ತಳಗಿನವು ಉಸಿರುಗಟ್ಟಿ ಸತ್ತಾವು.”

ಆಮೇಲೆ, ಸ್ಟೇಷನ್ನಿನಲ್ಲಿ ಏನಾದರೂ ಕೆಟ್ಟಿತ್ತೇ ಎಂದು ಕೇಳಿದರು. ಕೆಟ್ಟಿಲ್ಲ, ಬೇಕೆಂದೇ ತೆಗೆದದ್ದು ಎಂದೆ. ಯಾರು ತೆಗೆದದ್ದು ಎಂದರು. ನಾನು ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ಕುಳಿತರು. ಸಿಟ್ಟಿನ ನೋಟವಲ್ಲ ಅದು. ಕೇಳಿದ ಮಾತು ಅರ್ಥವಾಗದವರ ಹಾಗೆ ನೋಡಿದರು. “ನೀನ?” ಎಂದು ಒಂದೇ ಮಾತು ಅಂದು ಎದ್ದು, ಮರಿಗಳನ್ನು ಬುಟ್ಟಿಗೆ ತುಂಬತೊಡಗಿದರು. ಆ ವಿಷಯ ಮತ್ತೆ ಎತ್ತಲಿಲ್ಲ. ಆ ಸಂಜೆಯೂ ಎಂದಿನಂತೆ ನನ್ನ ಖೋಲಿಯ ಬಾಗಿಲಿಗೆ ಒಂದು ಕೊಡ ನೀರು ತಂದಿಟ್ಟರು. ನಾನು ಮಾತ್ರ ಅವರ ಎದುರು ತಲೆ ಎತ್ತಿ ನಡೆಯಲಾರದೆ ಹೋದೆ.

ಮರುದಿನ ಪಾಳಿಯ ಪಟ್ಟಿ ಬಂತು. ಮುಂಜಾನೆ ಐದರಿಂದ ಮಧ್ಯಾಹ್ನ ಒಂದರವರೆಗೆ ಎರಡೆರಡು ತಾಸಿನ ನಾಲ್ಕು ಪಾಳಿ, ಊರಿಗೊಂದು. ಒಂದೇ ಊರಿಗೆ ದಿನಾ ಐದರ ಪಾಳಿ ಬರಬಾರದೆಂದು ದಿನಕ್ಕೊಂದು ಊರಿನಂತೆ ತಿರುಗಿಸುವುದು. ನಾಲ್ಕೂ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಹೊತ್ತು ಬರೆಸಿದರು. ಜನ ಹೊಂದಿಕೊಂಡರು. ಗಿರಣಿಯವರು ಹಲಗೆ ನೋಡಿ ಹಿಟ್ಟು ಬೀಸುವ ಹೊತ್ತು ಬದಲಿಸಿದರು. ಹೊಲದಲ್ಲಿ ಪಂಪು ಇದ್ದವರು ನೀರು ಬಿಡುವ ಹೊತ್ತು ಬದಲಿಸಿದರು. ಮೊದಲೆರಡು ದಿನ ಬೈಯಲು ಬರುತ್ತಿದ್ದ ಫೋನುಗಳೂ ನಿಂತವು.

ಮತ್ತೆ ಸವಣೂರಿಗೆ ಐದರ ಪಾಳಿ ಬಂದ ದಿನ ಚಳಿ ಇನ್ನೂ ಹೆಚ್ಚಾಗಿತ್ತು. ಚಾಚಿ ಹಿಂದಿನ ಸಂಜೆಯೇ ಇದ್ದಿಲು, ಶಿಗಡಿ ಸಿದ್ಧಮಾಡಿಟ್ಟಿದ್ದರು. ನಾನು ನಾಲ್ಕೂವರೆಗೆ ಸೈಕಲ್ ಹೊರಗೆ ತೆಗೆಯುವಾಗ ಅವರು ಗೂಡಿನ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದು ಕಾಣಿಸಿತು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ, ಆಗದು ಚಾಚಿ, ನೌಕರಿ ಹೋಗುತ್ತದೆ ಎಂದು ಹೇಳಿ ಪಾರಾಗುತ್ತಿದ್ದೆನೋ ಏನೋ.

ಐದಕ್ಕೆ ನಾನು ಸವಣೂರಿನ ಹಿಡಿಕೆಗೆ ಕೈ ಹಾಕಿದೆ. ಎಳೆಯಲು ಆಗಲಿಲ್ಲ. ಪಕ್ಕಕ್ಕೆ ಸರಿದು ಹಿರೇಕೆರೂರಿನದನ್ನು ಎಳೆದೆ.

ಇಷ್ಟು ಸಲೀಸಾಗಿ ಆಗಿಹೋಯಿತು. ಹಿರೇಕೆರೂರಿನ ಪಾಳಿ ಹನ್ನೊಂದಕ್ಕಿತ್ತು, ಆ ಹೊತ್ತಿಗೆ ಬಿಸಿಲಿರುತ್ತದೆ, ಆಗ ಸವಣೂರಿನದನ್ನು ತೆಗೆದರಾಯಿತು, ಎರಡು ತಾಸು ಎಲ್ಲಿದ್ದರೂ ಎರಡೇ ತಾಸು ಎಂದು ನನಗೆ ನಾನೇ ಹೇಳಿಕೊಂಡೆ. ರಿಜಿಸ್ಟರಿನಲ್ಲಿ ಮಾತ್ರ ಪಟ್ಟಿಯಲ್ಲಿದ್ದ ಹಾಗೆಯೇ ಬರೆದೆ. ಮನೆಗೆ ಹೋದಾಗ ಚಾಚಿ, ಐದಕ್ಕೆ ಹೋಗಬೇಕಿದ್ದ ಕರೆಂಟ್ ಹನ್ನೊಂದಕ್ಕೆ ಹೋಯಿತಲ್ಲ ಎಂದು ಅಚ್ಚರಿಪಟ್ಟರು. ಪಟ್ಟಿ ಬದಲಾಗಿದೆ ಎಂದೆ. ಆ ಮಧ್ಯಾಹ್ನ ಊಟ ಮಾಡಿ ಹಾಯಾಗಿ ಮಲಗಿದೆ. ಒಳ್ಳೆಯ ಕೆಲಸ ಮಾಡಿದವನ ನಿದ್ದೆ.

ಮೂರನೆಯ ದಿನ ನನ್ನ ಕೆಲಸ ಮುಗಿಯುವ ಹೊತ್ತಿಗೆ ಬೇಲಿಯ ಗೇಟಿನಲ್ಲಿ ಒಬ್ಬ ಬಂದು ನಿಂತ. ನನ್ನದೇ ವಯಸ್ಸು. ತಲೆಗೆ ಟವೆಲ್ಲು ಸುತ್ತಿದ್ದ, ಕಣ್ಣು ಕೆಂಪಾಗಿದ್ದವು. ಒಳಗೆ ಕರೆದೆ. ಚಪ್ಪಲಿ ಹೊರಗೆ ಬಿಟ್ಟು ಬಂದು ಕೈಮುಗಿದ.

“ಸಾಹೇಬ್ರ, ನಾ ಹಿರೇಕೆರೂರಿಂದ ಬಂದೇನ್ರಿ. ಬಸ್ ಸ್ಟ್ಯಾಂಡಿನ ಹಲಗಿ ಮ್ಯಾಲ ಹೊತ್ತು ಬರೀತಾರಲ್ರಿ, ಅದು ಖರೇ ಏನ್ರಿ?”

ಖರೆ ಎಂದೆ. ಯಾಕೆ ಎಂದೂ ಕೇಳಿದೆ.

ಅವನು ಅವಸರವಿಲ್ಲದೆ ಹೇಳಿದ. ಹಿರೇಕೆರೂರಿನಲ್ಲಿ ದರ್ಜಿ ಕೆಲಸ ಅವನದು. ಹೆಂಡತಿಗೆ ಏಳು ತಿಂಗಳಿಗೇ ಹೆರಿಗೆಯಾಗಿ ಎರಡು ವಾರವಾಗಿತ್ತು. ಹೆಣ್ಣು ಕೂಸು. ಉಳಿಯಬೇಕಾದರೆ ಬೆಚ್ಚಗಿರಬೇಕು ಎಂದು ನರ್ಸಬಾಯಿ ಹೇಳಿದ್ದರು. ಹೊಲಿಗೆಗೆಂದು ಹಾಕಿಸಿಕೊಂಡಿದ್ದ ಬಲ್ಬನ್ನು ಬುಟ್ಟಿಯ ಮೇಲೆ ಇಳಿಬಿಟ್ಟು, ಹತ್ತಿಯೊಳಗೆ ಕೂಸನ್ನು ಮಲಗಿಸಿದ್ದರು. ಹಲಗೆ ನೋಡಿ ಅವನು ದಿನವೂ ಹೊತ್ತು ಬರೆದುಕೊಂಡು ಬರುತ್ತಿದ್ದ. ಕರೆಂಟ್ ಹೋಗುವ ಹೊತ್ತಿಗೆ ಮೊದಲೇ ಒಲೆ ಹಚ್ಚಿ, ಕೂಸನ್ನು ತಾಯಿಯ ಎದೆಗೆ ಕಟ್ಟಿ, ಇಬ್ಬರನ್ನೂ ಕಂಬಳಿಯಲ್ಲಿ ಸುತ್ತಿ ಒಲೆಯ ಮುಂದೆ ಕೂಡಿಸುತ್ತಿದ್ದ. ಉಳಿದ ಹೊತ್ತು ಕೂಸು ಬಲ್ಬಿನ ಕೆಳಗೆ, ತಾಯಿಗೆ ಒಂದಿಷ್ಟು ನಿದ್ದೆ.

“ಮೊನ್ನಿ ಮುಂಜಾನಿ ನಮ್ಮ ಪಾಳಿ ಇರಲಿಲ್ರಿ,” ಎಂದ. “ಇಬ್ರೂ ಮಲಗಿದ್ವಿ. ಎಚ್ಚರಾಗಿ ನೋಡಿದ್ರ ಬಲ್ಬ್ ಆರಿತ್ತು. ಕೂಸು ತಣ್ಣಗಾಗಿತ್ತು.”

ತುಟಿ, ಉಗುರು ನೀಲಿಯಾಗಿದ್ದವಂತೆ. ಅಳುತ್ತಿರಲಿಲ್ಲವಂತೆ. ಅವನು ಓಡಿಹೋಗಿ ನರ್ಸಬಾಯಿಯನ್ನು ಕರೆತಂದ. ಅವರು ಕೂಸಿನ ಬಾಯಿಗೆ ಬಾಯಿಟ್ಟು ಉಸಿರು ಊದಿ, ಅಂಗಾಲು ಚಿವುಟಿ, ತಮ್ಮ ಸೀರೆಯ ಒಳಗೇ ಎದೆಗವಚಿಕೊಂಡು ಒಲೆಯ ಮುಂದೆ ಕುಳಿತರು. ಬಹಳ ಹೊತ್ತಿನ ಮೇಲೆ ಒಂದು ಸಣ್ಣ ಸದ್ದು ಬಂತಂತೆ. ಕೂಸು ಬದುಕಿತ್ತು. ಆದರೆ ಆ ಮುಂಜಾನೆಯಿಂದ ಅವನ ಹೆಂಡತಿ ಕಣ್ಣು ಮುಚ್ಚಿರಲಿಲ್ಲ. ಬಲ್ಬನ್ನೇ ನೋಡುತ್ತ ಕೂಡುತ್ತಿದ್ದಳು.

“ಪಾಳಿ ಬದಲಾಗಿದ್ರ ಹೇಳ್ರಿ. ಬರಕೊಂಡು ಹೋಗ್ತೇನಿ,” ಎಂದು ಅಂಗಿಯ ಕಿಸೆಯಿಂದ ಮಡಚಿದ ಹಾಳೆ, ಗುರುತು ಹಾಕುವ ನೀಲಿ ಪೆನ್ಸಿಲ್ಲು ತೆಗೆದ.

ನಾನು ಆ ಪೆನ್ಸಿಲ್ಲನ್ನೇ ನೋಡುತ್ತಿದ್ದೆ. ನನ್ನ ಕಿವಿಯಲ್ಲಿ ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಅವನಿಗೆ ನನ್ನ ಮೇಲೆ ಕಿಂಚಿತ್ತೂ ಸಂಶಯವಿರಲಿಲ್ಲ. ಪಟ್ಟಿ ಬದಲಾಗಿತ್ತು ಎಂದು ಒಂದು ಮಾತು ಹೇಳಿದ್ದರೆ ಕೈಮುಗಿದು ಹೋಗುತ್ತಿದ್ದ. ಚಾಚಿಗೆ ಹೇಳಿದ್ದ ಸುಳ್ಳು ಬಾಯಿಯಲ್ಲಿ ತಯಾರಾಗಿಯೇ ಇತ್ತು.

“ಬದಲಾಗಿಲ್ಲ,” ಎಂದೆ. “ಮೊನ್ನಿ ಐದರ ಪಾಳಿ ಸವಣೂರಿನದಿತ್ತು. ನಾನ ನಿಮ್ಮ ಲೈನ್ ತಗದೆ.”

“ಯಾಕ್ರಿ?”

ಹೇಳಿದೆ. ಹೇಳುವಾಗ ಕೋಳಿಮರಿ ಎಂಬ ಮಾತು ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ಅದನ್ನು ಬಿಟ್ಟು ಬೇರೆ ಮಾತಿನಲ್ಲಿ ಹೇಳಲು ಬರುವುದೇ ಎಂದು ಹುಡುಕಿದೆ, ಇರಲಿಲ್ಲ.

ಅವನು ಗೋಡೆಯ ಕಡೆ ತಿರುಗಿ ನಾಲ್ಕೂ ಹಿಡಿಕೆಗಳನ್ನು ನೋಡಿದ. ಆಮೇಲೆ ತನ್ನ ಊರಿನದು ಯಾವುದೆಂದು ಕೇಳಿದ. ತೋರಿಸಿದೆ. ಹೋಗಿ ಆ ಪೆಟ್ಟಿಗೆಯ ಮುಂದೆ ನಿಂತ. ಮುಟ್ಟಲಿಲ್ಲ. ಗೇಣುದ್ದದ ಹಿಡಿಕೆ, ಕೈಯಾಡಿ ಕರಿ ಬಣ್ಣ ಹೋಗಿತ್ತು.

“ಇಷ್ಟ ಏನ್ರಿ?” ಎಂದ.

ಅಷ್ಟೇ ಆಗಿತ್ತು. ಅವನು ಬೈಯುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಕಾದೆ. ಅವನು ತಿರುಗಿ ಬಂದು ಹಾಳೆ, ಪೆನ್ಸಿಲ್ಲು ಕಿಸೆಗಿಟ್ಟುಕೊಂಡ.

“ನಮ್ಮ ಲೈಟ್ ತಗೀಬ್ಯಾಡ್ರಿ ಅಂತ ನಾ ಅನ್ನಂಗಿಲ್ರಿ. ಎಲ್ಲಾರದೂ ಹೋಗತೈತಿ, ನಮ್ಮದೂ ಹೋಗ್ಲಿ. ಹೇಳಿದ ಹೊತ್ತಿಗೆ ಹೋಗ್ಲಿ. ಗೊತ್ತಿದ್ರ ನಾವು ಎದ್ದಿರ್ತೇವ್ರಿ.”

ಚಹಾ ತರಿಸುತ್ತೇನೆ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಅವತ್ತು ಮನೆಗೆ ಹೋದವನೇ ಚಾಚಿಯ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಮರಿಗಳಿಗೆ ನುಚ್ಚು ಹಾಕುತ್ತಿದ್ದರು. ಕೈ ಅಲ್ಲೇ ನಿಂತಿತು. ಮುಖ ಬೂದಿಯ ಹಾಗಾಯಿತು.

“ನಾ ನಿನ್ನ ಕೇಳಿದ್ನೇನ ತಮ್ಮಾ?” ಎಂದರು.

ಇಲ್ಲ ಎಂದೆ.

“ಕೇಳದನ ನನ್ನ ಹೆಸರಿನ ಮ್ಯಾಲ ಮಾಡಿದಿ. ಆ ಕೂಸು ಹೋಗಿದ್ರ ಅದು ನನ್ನ ಹೆಸರಿನ ಮ್ಯಾಲ ಹೋಗತಿತ್ತು. ನನಗ ಗೊತ್ತೂ ಆಗತಿರಲಿಲ್ಲ.”

ನನ್ನ ತಲೆಯೊಳಗೆ ಅಲ್ಲಿಯವರೆಗೆ ತಪ್ಪು ಎಂದರೆ ಹಿರೇಕೆರೂರಿನವರಿಗೆ ಮಾಡಿದ್ದು, ಚಾಚಿಗೆ ಮಾಡಿದ್ದು ಉಪಕಾರ ಎಂದೇ ಇತ್ತು. ಚಾಚಿ ಕೈಯಲ್ಲಿ ಉಳಿದಿದ್ದ ನುಚ್ಚನ್ನು ಮರಿಗಳಿಗೆ ಚೆಲ್ಲಿದರು. ಅವರು ಒಳಗೆ ಹೋದರು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬಾಗಿಲಿಗೆ ಬಂದು, ನಿನ್ನ ಸೂಟಿ ಯಾವತ್ತು, ಹಿರೇಕೆರೂರಿಗೆ ಹೋಗೋಣ ಎಂದರು.

ಚಾಚಿ ತಮ್ಮ ಹಳೆಯ ಮೆತ್ತನೆಯ ಸೀರೆಗಳನ್ನು ಕೂಡಿಸಿ ಹೊಲಿದ ಒಂದು ಸಣ್ಣ ಕೌದಿ ಮತ್ತು ನಾಲ್ಕು ಖಾಲಿ ಸೋಡಾ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡರು. ಉಳಿದ ಮರಿಗಳನ್ನು ಅವರು ಆಗ ಬಾಟಲಿಯ ಮೇಲೆಯೇ ಕಾಯುತ್ತಿದ್ದರು. ಬಿಸಿನೀರು ತುಂಬಿ, ಬಿರಡೆ ಬಿಗಿದು, ಬಟ್ಟೆ ಸುತ್ತಿ ಗೂಡಿನ ಬದಿಗಿಟ್ಟರೆ ಎರಡು ತಾಸು ಕಾವು ನಿಲ್ಲುತ್ತದೆ ಎಂದು ತಾವೇ ಕಂಡುಕೊಂಡಿದ್ದರು. ನಾವು ಹಾವೇರಿಯಲ್ಲಿ ಬಸ್ಸು ಬದಲಿಸಿ ಹಿರೇಕೆರೂರು ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ಕರೆಂಟಿನ ಕಂಬಗಳನ್ನೇ ನೋಡಿದೆ. ಒಂದೊಂದು ಕಂಬದಿಂದಲೂ ಯಾವುದೋ ಮನೆಗೆ ತಂತಿ ಇಳಿದಿತ್ತು.

ದರ್ಜಿ ನಮ್ಮನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಹೆಂಡತಿಗೆ, “ಲೈಟಿನ ಸಾಹೇಬ್ರು, ಸವಣೂರಿನವರು. ಕೂಸು ನೋಡಾಕ ಬಂದಾರ,” ಎಂದ. ಅಷ್ಟೇ ಹೇಳಿದ. ಆ ಹುಡುಗಿ ತಲೆಯ ಮೇಲೆ ಸೆರಗು ಎಳೆದುಕೊಂಡು, ನನ್ನಂಥವನಿಗೆ, ಚಾಪೆ ಹಾಸಿ ಕೂಡಿಸಿದಳು.

ಬುಟ್ಟಿಯೊಳಗೆ ಬಗ್ಗಿ ನೋಡಿದೆ. ನಾನು ಅಷ್ಟು ಸಣ್ಣ ಮನುಷ್ಯಜೀವ ಎಂದೂ ನೋಡಿರಲಿಲ್ಲ. ಮುಖ ನನ್ನ ಮುಷ್ಟಿಗಿಂತ ಚಿಕ್ಕದು. ಹಣೆಯ ಚರ್ಮದ ಕೆಳಗೆ ನರ ಕಾಣುತ್ತಿತ್ತು. ಎದೆ ಬೇಗ ಬೇಗ ಏರಿ ಇಳಿಯುತ್ತಿತ್ತು. ಇದರ ಮೇಲಿನ ಬೆಳಕನ್ನು ನಾನು ಎಳೆದು ಆರಿಸಿದ್ದೆ, ಆರಿಸಿ ಮನೆಗೆ ಹೋಗಿ ಉಂಡು ಮಲಗಿದ್ದೆ.

ಚಾಚಿ ಆ ಹುಡುಗಿಗೆ ಬಾಟಲಿಯ ಉಪಾಯ ಕಲಿಸಿದರು. ನೀರು ಕಾಯಿಸಿ ತಾವೇ ತುಂಬಿ, ಬಟ್ಟೆ ಎಷ್ಟು ಸುತ್ತು ಸುತ್ತಬೇಕು, ಕೂಸಿನ ಮೈಗೆ ತಾಗದಂತೆ ಎಷ್ಟು ದೂರ ಇಡಬೇಕು ಎಂದು ತೋರಿಸಿದರು. ಕೋಳಿಮರಿಯ ಮಾತು ಎತ್ತಲಿಲ್ಲ. ಹೊರಡುವಾಗ ಆ ಹುಡುಗಿ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು.

“ಲೈಟ್ ಹೋಗೂಕಿಂತ ಮೊದಲ ನಿಮಗ ಗೊತ್ತಿರತೈತೇನ್ರಿ?”

ಗೊತ್ತಿರುತ್ತದೆ ಎಂದೆ. ಅವಳ ಗಂಡ ಬೇರೆ ಕಡೆ ಮುಖ ತಿರುಗಿಸಿದ.

ಮರುದಿನ ನಾನು ರಿಜಿಸ್ಟರ್ ತೆಗೆದುಕೊಂಡು ಮೇಲಧಿಕಾರಿಯ ಮುಂದೆ ನಿಂತೆ. ಅವರು ಸಿಡುಕಿನ ಮನುಷ್ಯ ಎಂದು ಹೆಸರಾದವರು. ಕೇಳಿ ಕೂಗಾಡಲಿಲ್ಲ. ಸುಳ್ಳು ಬರೆದ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, ನಡೆದದ್ದನ್ನು ಕೆಳಗೆ ನನ್ನ ಕೈಯಲ್ಲೇ ಬರೆಸಿ ಸಹಿ ಮಾಡಿಸಿದರು. ಯಾಕೆ ಮಾಡಿದೆ ಎಂಬುದನ್ನು ಬರೆಯಹೋದರೆ ಬೇಡವೆಂದರು. ಯಾಕೆ ಎಂಬುದು ತಂತಿಯ ಆ ತುದಿಗೆ ಮುಟ್ಟುವುದಿಲ್ಲ ಎಂದರು. ಬೇಸಿಗೆಯ ಹೊತ್ತಿಗೆ ನನಗೆ ವರ್ಗವಾಗುತ್ತದೆ ಎಂದೂ ತಿಳಿಸಿದರು. ಆಯಿತು ಕೂಡ.

ಅದಕ್ಕೆ ಮೊದಲಿನ ಮಾತು. ಚಳಿ ಇನ್ನೂ ಇಳಿದಿರಲಿಲ್ಲ. ಒಂದು ದಿನ ಹತ್ತೂಮುಕ್ಕಾಲರ ಸುಮಾರಿಗೆ ಒಬ್ಬ ಬಸ್ ಕಂಡಕ್ಟರ್ ನಮ್ಮ ಗೇಟಿನ ಮುಂದೆ ಬಸ್ಸು ನಿಲ್ಲಿಸಿ ಬಾಗಿಲಿಂದಲೇ ಕೂಗಿದ. ಹಿರೇಕೆರೂರಿನ ದರ್ಜಿಯ ಮಾತು ಹಾವೇರಿಯಲ್ಲಿ ಬಸ್ಸಿನಿಂದ ಬಸ್ಸಿಗೆ ದಾಟಿ ಬಂದಿತ್ತು. ಕೂಸು ತಾನೇ ಬಾಯಿ ಹಚ್ಚಿ ಮೊಲೆ ಕುಡಿಯತೊಡಗಿದೆ ಎಂದು ಲೈಟಿನವರಿಗೆ ಹೇಳಬೇಕಂತೆ. ಯಾವ ಕೂಸು, ಏನು ಕತೆ ಎಂದು ಕಂಡಕ್ಟರನಿಗೆ ಗೊತ್ತಿರಲಿಲ್ಲ. ಹೇಳಿದವನೇ ಸೀಟಿ ಊದಿ ಹೋದ.

ನಾನು ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತೆ. ಅಂದು ಹನ್ನೊಂದರ ಪಾಳಿ ಹಿರೇಕೆರೂರಿನದು. ಅವರ ಮನೆಯಲ್ಲಿ ಈಗ ಒಲೆಯ ಮೇಲೆ ನೀರು ಇಟ್ಟಿರುತ್ತಾರೆ, ಬಾಟಲಿಗೆ ಬಟ್ಟೆ ಸುತ್ತುತ್ತಿರುತ್ತಾರೆ ಎಂದು ಲೆಕ್ಕ ಹಾಕಿದೆ. ಮುಳ್ಳು ಹನ್ನೊಂದಕ್ಕೆ ಬರುವವರೆಗೆ ಗಡಿಯಾರದ ಮೇಲಿನ ಕಣ್ಣು ಕೀಳಲಿಲ್ಲ. ಒಂದು ನಿಮಿಷ ಮೊದಲೂ ಅಲ್ಲ, ಆಮೇಲೂ ಅಲ್ಲ, ಎದ್ದು ಹೋಗಿ ಎಳೆದೆ.